ಕಬ್ಬಿಣದ ಶೆಡ್ ಹಾಕಿಸಲು ವೆಲ್ಡರ್ ಒಬ್ಬರಿದ್ದರೆ ಸಾಕೇ? ಕಂಟ್ರಾಕ್ಟರನ್ನು ಆರಿಸುವ ಮುನ್ನ ತಿಳಿಯಬೇಕಾದ್ದು

"30x40 ಕಬ್ಬಿಣದ ಶೆಡ್ ಮೂರೇ ದಿನದಲ್ಲಿ ರೆಡಿ! ಇಂಜಿನಿಯರ್ ಬೇಡ, ಪ್ಲಾನ್ ಬೇಡ, ಪರ್ಮಿಷನ್ ಬೇಡ. 50 ವರ್ಷ ಗ್ಯಾರಂಟಿ!"

ಈ ಧಾಟಿಯ ಮೆಸೇಜು ನಿಮ್ಮ ಊರಿನ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಳಗೆ ಒಂದು ಫೋನ್ ನಂಬರ್, ಮೇಲೆ ಹೊಳೆಯುವ ನೀಲಿ ಶೀಟಿನ ಫೋಟೋ. ಕೊಳ್ಳೇಗಾಲ ತಾಲ್ಲೂಕಿನ ಸತ್ತೇಗಾಲದಂಥ ಊರುಗಳಲ್ಲಿ ಈ ಮೆಸೇಜಿಗೆ ಗಿರಾಕಿಗಳು ಇದ್ದೇ ಇರುತ್ತಾರೆ. ಒಬ್ಬರಿಗೆ ರೇಷ್ಮೆ ಹುಳು ಸಾಕುವ ಮನೆ ಬೇಕು, ಇನ್ನೊಬ್ಬರಿಗೆ ಅರಿಶಿನ ಇಡಲು ಗೋದಾಮು ಬೇಕು, ಮತ್ತೊಬ್ಬರಿಗೆ ಹೆದ್ದಾರಿ ಪಕ್ಕ ಹೋಟೆಲ್ ಬೇಕು. ಕಾಂಕ್ರೀಟ್ ಕಟ್ಟಡಕ್ಕಿಂತ ಶೆಡ್ ಬೇಗ ಆಗುತ್ತದೆ, ಖರ್ಚೂ ಕಡಿಮೆ. ಅದು ನಿಜವೇ.

ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಮಳೆಯ ಜೊತೆ ಬಿರುಗಾಳಿ ಎದ್ದಾಗ "ಶೀಟು ಹಾರಿ ಹೋಯಿತು" ಎಂಬ ಸುದ್ದಿಯೂ ಬರುತ್ತದೆ. ಹಾರಿದ ಶೀಟು ಕತ್ತಿಯಂತೆ ಕೊಯ್ಯುತ್ತದೆ. ಸಾಲ ಮಾಡಿ ಕಟ್ಟಿದ ಶೆಡ್ ಹೋದರೂ ಸಾಲದ ಕಂತು ಮಾತ್ರ ಹಾಗೇ ಉಳಿಯುತ್ತದೆ. ಹಾಗಾಗಿ ಈ ಮೆಸೇಜಿನ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ಸಾರಾಂಶ

ಕಬ್ಬಿಣದ ಶೆಡ್ ಬೀಳುವುದು ಕಬ್ಬಿಣ ಬಲಹೀನ ಎಂಬ ಕಾರಣಕ್ಕಲ್ಲ. ಗಾಳಿ ಅದನ್ನು ಮೇಲಕ್ಕೆ ಎಳೆಯುತ್ತದೆ ಎಂಬ ಲೆಕ್ಕ ಹಾಕದೆ ಕಟ್ಟಿದಾಗ ಅದು ಬೀಳುತ್ತದೆ, ಹಾರುತ್ತದೆ. ಆದ್ದರಿಂದ ಯೋಗ್ಯ ಕಂಟ್ರಾಕ್ಟರ್ ಎಂದರೆ ಕಡಿಮೆ ರೇಟು ಹೇಳುವವರೂ ಅಲ್ಲ, ದೊಡ್ಡ ಬೋರ್ಡು ಹಾಕಿದವರೂ ಅಲ್ಲ. ಲೆಕ್ಕ, ನಕ್ಷೆ, ತೂಕ ಮತ್ತು ಬಿಲ್ಲು ಈ ನಾಲ್ಕನ್ನೂ ಕಾಗದದ ಮೇಲೆ ಕೊಡುವವರು.

ತಪ್ಪು ನಂಬಿಕೆ 1: "ಕಬ್ಬಿಣ ಭಾರ, ಗಾಳಿಗೆ ಹಾರೋದಿಲ್ಲ"

ಸತ್ತೇಗಾಲದ ಹತ್ತಿರ, ಶಿವನಸಮುದ್ರದ ಬಳಿ ಕಾವೇರಿಗೆ 19ನೇ ಶತಮಾನದಲ್ಲಿ ಕಟ್ಟಿದ ಕಲ್ಲಿನ ವೆಸ್ಲಿ ಸೇತುವೆಯನ್ನು ಈ ಕಡೆಯವರೆಲ್ಲ ನೋಡಿದ್ದೀರಿ. ಇತ್ತೀಚಿನ ಪ್ರವಾಹಗಳು ಅದನ್ನು ಘಾಸಿಗೊಳಿಸಿವೆ, ನಿಜ. ಆದರೂ ಅಷ್ಟು ಕಾಲ ಅದು ನಿಂತದ್ದು ಮುಖ್ಯವಾಗಿ ತನ್ನ ಭಾರದಿಂದ. ಕಬ್ಬಿಣದ ಶೆಡ್ ಹಾಗಲ್ಲ. ಕಲ್ಲಿನ ಕಟ್ಟಡ ಭಾರದಿಂದ ನಿಲ್ಲುತ್ತದೆ, ಶೆಡ್ ಬಿಗಿಯಿಂದ ನಿಲ್ಲುತ್ತದೆ.

ಲೆಕ್ಕ ನೋಡಿ. ಕಟ್ಟಡದ ಮೇಲೆ ಗಾಳಿಯ ಒತ್ತಡ ಎಷ್ಟೆಂದು ಹೇಳುವ ಭಾರತೀಯ ಮಾನಕವೊಂದಿದೆ: ಐಎಸ್ 875, ಭಾಗ 3. ಅದರಲ್ಲಿ ಮೈಸೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಇದು ದಿನವೂ ಬೀಸುವ ಗಾಳಿಯಲ್ಲ; ಸುಮಾರು 50 ವರ್ಷಕ್ಕೊಮ್ಮೆ ಬರಬಹುದಾದ, ಕೆಲವೇ ಸೆಕೆಂಡಿನ ಬಿರುಸು. ನಮ್ಮ ಸ್ಥೂಲ ಲೆಕ್ಕಕ್ಕೆ ಹತ್ತಿರದ ಮೈಸೂರಿನ ಈ ಅಂಕಿಯನ್ನೇ ಇಟ್ಟುಕೊಳ್ಳೋಣ.

ಮಾನಕದ ಸೂತ್ರ ಸರಳ: ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ 0.6ರಿಂದ ಗುಣಿಸಿ. ಉತ್ತರ ಪ್ರತಿ ಚದರ ಮೀಟರಿಗೆ ಸುಮಾರು 650 ನ್ಯೂಟನ್. ತೂಕದ ಭಾಷೆಯಲ್ಲಿ ಹೇಳಿದರೆ ಸುಮಾರು 65 ಕೆಜಿ. ಗಾಳಿ ಚಾವಣಿಯ ಮೇಲೆ ಹಾದು ಹೋಗುವಾಗ ಶೀಟನ್ನು ಕೆಳಗೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಒಂದು ಪಕ್ಕ ತೆರೆದ ಶೆಡ್ ಆದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ನೂಕುತ್ತದೆ. ಎರಡೂ ಸೇರಿದಾಗ ಮೇಲ್ಮುಖ ಬಲ ಈ 65 ಕೆಜಿಯಷ್ಟು ಆಗಬಹುದು, ಅದನ್ನು ಮೀರಲೂಬಹುದು.

30x40 ಅಡಿ ಶೆಡ್ ಎಂದರೆ ಸುಮಾರು 111 ಚದರ ಮೀಟರ್. ಅಂದರೆ ಇಡೀ ಚಾವಣಿಯನ್ನು ಮೇಲಕ್ಕೆ ಎಳೆಯುವ ಬಲ 7 ಟನ್ನಿಗೂ ಹೆಚ್ಚು. ಅರ್ಧ ಮಿಲಿಮೀಟರ್ ದಪ್ಪದ ಶೀಟಿನ ತೂಕವೋ, ಚದರ ಮೀಟರಿಗೆ 5 ಕೆಜಿಗಿಂತ ಹೆಚ್ಚಿಲ್ಲ. ಇಡೀ ಚಾವಣಿಗೆ ಸುಮಾರು ಅರ್ಧ ಟನ್. ಕಂಬ, ಟ್ರಸ್ಸು, ಅಡ್ಡಪಟ್ಟಿ ಎಲ್ಲ ಸೇರಿ ಎರಡು ಎರಡೂವರೆ ಟನ್ ಆಯಿತು ಎಂದುಕೊಳ್ಳಿ. ಉಳಿದ ನಾಲ್ಕೂವರೆ ಟನ್ನನ್ನು ಹಿಡಿದು ನಿಲ್ಲಿಸಬೇಕಾದವರು ಯಾರು? ಪಾಯ.

ಈಗ ಪಾಯದ ಕಡೆ ನೋಡಿ. ಒಂದಡಿ ಅಗಲ, ಒಂದಡಿ ಉದ್ದ, ಒಂದೂವರೆ ಅಡಿ ಆಳದ ಗುಂಡಿಗೆ ತುಂಬಿದ ಕಾಂಕ್ರೀಟ್ ಸುಮಾರು 100 ಕೆಜಿ ತೂಗುತ್ತದೆ. ಎಂಟು ಕಂಬಕ್ಕೆ 800 ಕೆಜಿ. ಅದೇ ಎರಡಡಿ ಅಗಲ, ಉದ್ದ, ಆಳದ ಗುಂಡಿಯಾದರೆ ಒಂದೊಂದೂ ಸುಮಾರು 540 ಕೆಜಿ. ಎಂಟಕ್ಕೆ ನಾಲ್ಕು ಟನ್ನಿಗಿಂತ ಹೆಚ್ಚು. ಸುತ್ತಲಿನ ಮಣ್ಣಿನ ಹಿಡಿತವೂ ನೆರವಾಗುತ್ತದೆ. ಅಡ್ಡಗಾಳಿ ಕಂಬವನ್ನು ಬಾಗಿಸುವ ಲೆಕ್ಕ ಇನ್ನೂ ಬೇರೆ ಇದೆ, ಹಾಗಾಗಿ ಇದನ್ನೇ ನೋಡಿ ಪಾಯ ತೋಡಬೇಡಿ. ನಾವು ಹೇಳುತ್ತಿರುವುದು ಇಷ್ಟು: ಮಣ್ಣಿನೊಳಗೆ ಮುಚ್ಚಿಹೋಗುವ, ಫೋಟೋದಲ್ಲಿ ಕಾಣದ ಒಂದಡಿಯ ವ್ಯತ್ಯಾಸ ಐದು ಪಟ್ಟು ಬಲದ ವ್ಯತ್ಯಾಸ.

ಇದು ಬರೀ ಪುಸ್ತಕದ ಮಾತಲ್ಲ. 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ 120 ಅಡಿ ಅಗಲ, 120 ಅಡಿ ಎತ್ತರದ ಕಬ್ಬಿಣದ ಜಾಹೀರಾತು ಫಲಕ ಬಿರುಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಮಗುಚಿ 17 ಜನ ಸತ್ತರು. ಆಮೇಲೆ ನಡೆದ ತಾಂತ್ರಿಕ ಪರಿಶೀಲನೆಯಲ್ಲಿ ಎದ್ದು ಕಂಡದ್ದು ಪಾಯ ಸಾಲದು ಎಂಬುದೇ.

ತಪ್ಪು ನಂಬಿಕೆ 2: "ಒಳ್ಳೆ ವೆಲ್ಡರ್ ಇದ್ದರೆ ಇಂಜಿನಿಯರ್ ಯಾಕೆ?"

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೈ ಪಳಗಿದ ವೆಲ್ಡರ್ ಇಲ್ಲದೆ ಯಾವ ಇಂಜಿನಿಯರ್ ಹಾಕಿದ ನಕ್ಷೆಯೂ ಶೆಡ್ ಆಗುವುದಿಲ್ಲ. ಆದರೆ ವೆಲ್ಡರ್ ಕಲಿತದ್ದು ಎರಡು ಕಬ್ಬಿಣವನ್ನು ಗಟ್ಟಿಯಾಗಿ ಬೆಸೆಯುವುದನ್ನು. ಯಾವ ಕಬ್ಬಿಣ, ಎಷ್ಟು ದಪ್ಪ, ಎಷ್ಟು ದೂರಕ್ಕೊಂದು ಕಂಬ, ಎಲ್ಲಿ ಕತ್ತರಿ ಕಟ್ಟು ಎಂಬುದು ಬೇರೆಯೇ ವಿದ್ಯೆ. ಅದಕ್ಕೆ ಐಎಸ್ 800 ಎಂಬ ಪ್ರತ್ಯೇಕ ಮಾನಕವಿದೆ. ಮಾತ್ರೆ ಕೊಡುವ ಔಷಧಿ ಅಂಗಡಿಯವರೂ ಬೇಕು, ಚೀಟಿ ಬರೆಯುವ ಡಾಕ್ಟರೂ ಬೇಕು, ಇದೂ ಹಾಗೆ.

ಎಲ್ಲ ಶೆಡ್‌ಗೂ ಇಂಜಿನಿಯರ್ ಬೇಕೇ ಎಂದು ಕೇಳಬಹುದು. ಮನೆಗೆ ಒರಗಿಸಿ ಎರಡು ಹಸು ಕಟ್ಟಲು ಹಾಕುವ ತಗ್ಗಿನ ಚಪ್ಪರಕ್ಕೆ ಅನುಭವಿ ಮೇಸ್ತ್ರಿ ಸಾಕು, ಬಿಗಿಯಾಗಿ ಕಟ್ಟಿದರಾಯಿತು. ಆದರೆ ನಡುವೆ ಕಂಬವಿಲ್ಲದೆ 20 ಅಡಿಗಿಂತ ಅಗಲ, ಅಥವಾ ಎತ್ತರದ ಗೋಡೆ, ಅಥವಾ ಒಳಗೆ ಜನ ಸೇರುವ ಜಾಗ, ಈ ಮೂರರಲ್ಲಿ ಒಂದಿದ್ದರೂ ಲೆಕ್ಕ ಹಾಕಿಸದೆ ಕೆಲಸ ಶುರು ಮಾಡಬೇಡಿ ಎಂಬುದು ನಮ್ಮ ಸಲಹೆ.

ಖರ್ಚಿನ ಚಿಂತೆ ಇದ್ದರೆ ಮಧ್ಯದ ದಾರಿಯೊಂದಿದೆ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ನಕ್ಷೆ ಮತ್ತು ಲೆಕ್ಕವನ್ನು ಮಾತ್ರ ಬರೆಸಿಕೊಳ್ಳಿ, ಅವರ ಸಹಿ ಇರಲಿ. ಆ ನಕ್ಷೆಯಂತೆ ನಿಮ್ಮೂರಿನ ವೆಲ್ಡಿಂಗ್ ಶಾಪಿನವರಿಂದಲೇ ಕೆಲಸ ಮಾಡಿಸಿ. ಕೆಲಸ ಊರಿನವರಿಗೇ ಉಳಿಯುತ್ತದೆ, ಶೆಡ್ಡೂ ನಿಲ್ಲುತ್ತದೆ.

ತಪ್ಪು ನಂಬಿಕೆ 3: "ಲೈಸೆನ್ಸ್, ಜಿಎಸ್‌ಟಿ ಎಲ್ಲಾ ಇದೆ, ಇನ್ನೇನು ಬೇಕು?"

ವಿಸಿಟಿಂಗ್ ಕಾರ್ಡಿನ ಮೇಲೆ ನಾಲ್ಕಾರು ನಂಬರ್ ಇರುತ್ತವೆ. ಒಂದೊಂದೂ ಏನು ಹೇಳುತ್ತದೆ?

ಜಿಎಸ್‌ಟಿ ನಂಬರ್: ತೆರಿಗೆಗೆ ನೋಂದಣಿ ಆಗಿದೆ ಎಂದಷ್ಟೇ. ಕಸುಬಿನ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಬಿಲ್ಲು ಸಿಗುತ್ತದೆ, ಅದು ಮುಂದೆ ಬೇಕಾಗುತ್ತದೆ.

ಉದ್ಯಮ್ ನೋಂದಣಿ: ಉದ್ಯಮ ನಡೆಸುವವರು ತಾವೇ ಘೋಷಿಸಿಕೊಂಡು ಪಡೆಯುವ ಸಂಖ್ಯೆ. ಪರೀಕ್ಷೆ ಏನೂ ಇಲ್ಲ.

ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರರ ದರ್ಜೆ: ಎಷ್ಟು ಮೊತ್ತದವರೆಗಿನ ಸರ್ಕಾರಿ ಕೆಲಸಕ್ಕೆ ಟೆಂಡರ್ ಹಾಕಬಹುದು ಎಂಬುದಕ್ಕೆ. ರಸ್ತೆ, ಚರಂಡಿ ಮಾಡಿದ ಅನುಭವವೂ ಇದರಲ್ಲಿ ಬರುತ್ತದೆ. ಕಬ್ಬಿಣದ ಕಟ್ಟಡ ಕಟ್ಟಲು ಬರುತ್ತದೆ ಎಂದು ಅರ್ಥವಲ್ಲ.

ಐಟಿಐ ವೆಲ್ಡರ್ ಸರ್ಟಿಫಿಕೇಟು: ಇದು ನಿಜವಾದ ಕಸುಬಿನ ತರಬೇತಿ. ಕಂಟ್ರಾಕ್ಟರ್ ಬಳಿ ಅಲ್ಲ, ಕೆಲಸಕ್ಕೆ ಬರುವ ವೆಲ್ಡರ್ ಬಳಿ ಇದೆಯೇ ಎಂದು ಕೇಳಿ.

ವಿದ್ಯುತ್ ಗುತ್ತಿಗೆದಾರರ ಲೈಸೆನ್ಸ್: ಇದು ಬೇರೆ, ಇದು ಬೇಕೇ ಬೇಕು. ಕಬ್ಬಿಣದ ಶೆಡ್ಡಿನಲ್ಲಿ ವಯರು ಉಜ್ಜಿ ಸಿಪ್ಪೆ ಹರಿದರೆ ಇಡೀ ಶೆಡ್ಡೇ ಕರೆಂಟ್ ಹೊಡೆಯುತ್ತದೆ. ವೈರಿಂಗು, ಅರ್ಥಿಂಗು ಲೈಸೆನ್ಸ್ ಇದ್ದವರಿಂದಲೇ ಆಗಲಿ.

ಇನ್ನೊಂದು ವಿಷಯ ತಿಳಿದಿರಲಿ. ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಲು 1972ರ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯ. "ಕಂಟ್ರಾಕ್ಟರ್" ಎಂದು ಬೋರ್ಡ್ ಹಾಕಿಕೊಳ್ಳಲು ಅಂಥ ಪರೀಕ್ಷೆ ಯಾವುದೂ ಇಲ್ಲ. ಆದ್ದರಿಂದ ಪರೀಕ್ಷೆ ಮಾಡಬೇಕಾದವರು ನಾವೇ.

ತಪ್ಪು ನಂಬಿಕೆ 4: "ಚದರಡಿ ರೇಟು ಕಡಿಮೆ ಹೇಳಿದವರೇ ಮೇಲು"

ಕಬ್ಬಿಣ ಮಾರುವುದು ಕೆಜಿ ಲೆಕ್ಕದಲ್ಲಿ, ಶೆಡ್ ಮಾರುವುದು ಚದರಡಿ ಲೆಕ್ಕದಲ್ಲಿ. ಮೋಸಕ್ಕೆ ಜಾಗ ಇರುವುದು ಇವೆರಡರ ನಡುವೆ. ಎರಡಿಂಚಿನ ಚೌಕ ಪೈಪು ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತದೆ. 20 ಅಡಿ ಉದ್ದದ ಒಂದು ಪೈಪಿನ ತೂಕ ಮಾತ್ರ ಹೀಗೆ ಬದಲಾಗುತ್ತದೆ:

2 ಮಿಲಿಮೀಟರ್ ದಪ್ಪ, ಅಂದರೆ ಸುಮಾರು 14 ಗೇಜ್: 18 ಕೆಜಿ ಆಸುಪಾಸು.
1.6 ಮಿಲಿಮೀಟರ್, ಸುಮಾರು 16 ಗೇಜ್: 14 ಕೆಜಿ ಆಸುಪಾಸು.
1.2 ಮಿಲಿಮೀಟರ್, ಸುಮಾರು 18 ಗೇಜ್: 11 ಕೆಜಿ ಆಸುಪಾಸು.

ಗೇಜ್ ಸಂಖ್ಯೆ ದೊಡ್ಡದಾದಷ್ಟೂ ಪೈಪು ತೆಳು ಎಂಬುದು ಅನೇಕರಿಗೆ ಗೊತ್ತಿಲ್ಲ. "ನಮ್ಮದು 18 ಗೇಜ್ ಸಾರ್, ಹೆವಿ ಮಾಲು" ಎಂದರೆ ನಂಬಬೇಡಿ. ಗೇಜ್ ಬಿಟ್ಟು ಮಿಲಿಮೀಟರಿನಲ್ಲೇ ಬರೆಸಿಕೊಳ್ಳಿ. ಶೀಟಿಗೂ ಇದೇ ಮಾತು: 0.5 ಮಿಲಿಮೀಟರ್ ಎಂದರೆ ಬಣ್ಣ, ಲೇಪ ಸೇರಿಸಿಯೋ, ಬರೀ ಉಕ್ಕೋ ಎಂದು ಕೇಳಿ.

ಹಾಗಾಗಿ ಮೂವರಿಂದ ರೇಟು ತೆಗೆದುಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿ: "ಒಟ್ಟು ಎಷ್ಟು ಕೆಜಿ ಕಬ್ಬಿಣ ಹಾಕುತ್ತೀರಿ?" ಉತ್ತರ ಕೊಡಲಾಗದವರು ಲೆಕ್ಕವನ್ನೇ ಹಾಕಿಲ್ಲ ಎಂದು ಅರ್ಥ. ಮಾಲು ಬಂದ ದಿನ ವೇ ಬ್ರಿಡ್ಜಿನಲ್ಲಿ ಗಾಡಿ ತೂಗಿಸಿ ಚೀಟಿ ಇಟ್ಟುಕೊಳ್ಳಿ. ಪೈಪಿನ ಮೇಲೆ ಐಎಸ್‌ಐ ಗುರುತು, ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇದ್ದರೆ ಫೋನಿನಲ್ಲಿ "ಬಿಐಎಸ್ ಕೇರ್" ಆ್ಯಪ್ ಹಾಕಿಕೊಂಡು ಅದು ಅಸಲಿಯೋ ಅಲ್ಲವೋ ನೋಡಬಹುದು.

ತಪ್ಪು ನಂಬಿಕೆ 5: "50 ವರ್ಷ ಗ್ಯಾರಂಟಿ"

ಯಾವುದಕ್ಕೆ ಗ್ಯಾರಂಟಿ? ಶೀಟಿನ ಕಂಪನಿಗಳು ಕೊಡುವ ವಾರಂಟಿ ಸಾಮಾನ್ಯವಾಗಿ ಶೀಟಿನ ಲೇಪಕ್ಕೆ. ಗಾಳಿಗೆ ಸ್ಕ್ರೂ ಕಿತ್ತುಬಂದರೆ, ಕಂಬ ವಾಲಿದರೆ ಅದು ಕಟ್ಟಿದವರ ಜವಾಬ್ದಾರಿ. ಲೇಪದ ವಾರಂಟಿಯಲ್ಲೂ ಷರತ್ತುಗಳಿರುತ್ತವೆ. ದನದ ಕೊಟ್ಟಿಗೆಯ ಗಂಜಲ, ಗೊಬ್ಬರದ ಅಮೋನಿಯ ಸತುವಿನ ಲೇಪವನ್ನೂ ಕಂಬದ ಬುಡವನ್ನೂ ಬೇಗ ತಿನ್ನುತ್ತವೆ. ಕೊಟ್ಟಿಗೆಗೆ ಶೆಡ್ ಎಂದರೆ ಕಂಬದ ಬುಡ ನೆಲಕ್ಕಿಂತ ಮೇಲೆ, ಕಾಂಕ್ರೀಟ್ ಪೀಠದ ಮೇಲೆ ಇರಲಿ.

ಯೋಗ್ಯ ಕಂಟ್ರಾಕ್ಟರನ್ನು ಗುರುತಿಸುವ ಗುಟ್ಟೂ ಇಲ್ಲೇ ಇದೆ. ರೇಟು ಹೇಳುವ ಮುನ್ನ ಅವರೇ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ. ಶೆಡ್ ಯಾವುದಕ್ಕೆ? ರೇಷ್ಮೆ ಹುಳುವಿಗಾದರೆ ಬರೀ ಶೀಟಿನ ಬಿಸಿ ತಡೆಯದು, ಶಾಖ ತಡೆಯುವ ಪದರ, ಗಾಳಿಯಾಟ ಬೇಕು. ಜಮೀನು ಎಲ್ಲಿದೆ? ಕಾವೇರಿ ತುಂಬಿ ಬಂದಾಗ ದಾಸನಪುರ, ಮುಳ್ಳೂರು ಕಡೆಯಂತೆ ನೀರು ನುಗ್ಗುವ ಜಾಗವೇ? ಮಣ್ಣು ಕೆಂಪೋ, ಎರೆಯೋ? ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ, ಪಾಯ ಬೇರೆ ಥರ ಬೇಕು. ಜಾಗವನ್ನೇ ನೋಡದೆ ಫೋನಿನಲ್ಲಿ ರೇಟು ಹೇಳಿದವರನ್ನು ಅಲ್ಲಿಗೇ ಬಿಡಿ.

ತಪ್ಪು ನಂಬಿಕೆ 6: "ಶೆಡ್ಡಿಗೆ ಪರ್ಮಿಷನ್ ಬೇಡ"

ಬೇಸಾಯದ ಜಮೀನಿನಲ್ಲಿ ಬೇಸಾಯಕ್ಕೇ ಬೇಕಾದ ಕಟ್ಟಡ ಕಟ್ಟಿಕೊಳ್ಳಲು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಅದೇ ಜಮೀನಿನಲ್ಲಿ ಹೋಟೆಲ್, ಬಾಡಿಗೆ ಗೋದಾಮು, ಕಲ್ಯಾಣ ಮಂಟಪ ಕಟ್ಟಲು ಭೂ ಪರಿವರ್ತನೆ ಆಗಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟಲು ಪಂಚಾಯಿತಿಯ ಅನುಮತಿ ಪಡೆಯಬೇಕೆಂದು 1993ರ ಪಂಚಾಯತ್ ರಾಜ್ ಕಾಯಿದೆ ಹೇಳುತ್ತದೆ. ಗೋಡೆ ಇಟ್ಟಿಗೆಯದೋ ಶೀಟಿನದೋ ಎಂಬುದು ಮುಖ್ಯವಲ್ಲ. ಮೊದಲು ಪಿಡಿಓ ಅವರನ್ನು ಕೇಳಿ, ಆಮೇಲೆ ಮುಂಗಡ ಕೊಡಿ.

ಜಮೀನಿನ ಮೇಲೆ 11 ಕೆವಿ ತಂತಿ ಹಾದು ಹೋಗಿದ್ದರೆ ಇನ್ನೂ ಎಚ್ಚರ. ಕಟ್ಟಡದ ತುದಿಯಿಂದ ಮೇಲಕ್ಕೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಇರಲೇಬೇಕು. 20 ಅಡಿ ಪೈಪನ್ನು ನೆಟ್ಟಗೆ ಎತ್ತುವಾಗ ತಂತಿಗೆ ತಾಗಿದರೆ ಎತ್ತಿದವರು ಉಳಿಯುವುದಿಲ್ಲ. ಸೆಸ್ಕ್ ಕಚೇರಿಗೆ ತಿಳಿಸಿ, ಆ ಹೊತ್ತಿಗೆ ಲೈನ್ ಆಫ್ ಮಾಡಿಸಿಯೇ ಕೆಲಸ ಮಾಡಿಸಿ.

ಒಪ್ಪಂದಕ್ಕೆ ಮುನ್ನ ಮಾಡಬೇಕಾದ್ದು

1. ಹಿಂದೆ ಕಟ್ಟಿದ ಮೂರು ಶೆಡ್ ನೋಡಿ ಬನ್ನಿ. ಕನಿಷ್ಠ ಎರಡು ಮಳೆಗಾಲ ಕಳೆದಿರಲಿ. ಮಾಲೀಕರನ್ನು ಕೇಳಿ: ಸೋರುತ್ತದೆಯೇ? ಕರೆದರೆ ರಿಪೇರಿಗೆ ಬಂದರೇ?

2. ಅಲ್ಲಿ ಕಂಬದ ಬುಡ ನೋಡಿ. ಬೇಸ್ ಪ್ಲೇಟಿಗೆ ನಾಲ್ಕು ಬೋಲ್ಟು, ಮೇಲೆ ನಟ್ಟು ಬಿಗಿಯಾಗಿದೆಯೇ? ಕಂಬಗಳ ನಡುವೆ, ಚಾವಣಿಯಲ್ಲಿ ಕತ್ತರಿ ಕಟ್ಟು ಇದೆಯೇ? ಅದು ಇಲ್ಲದ ಶೆಡ್ ಗಾಳಿಗೆ ಇಸ್ಪೀಟು ಎಲೆಯ ಮನೆಯಂತೆ ಒಂದೇ ಕಡೆಗೆ ವಾಲುತ್ತದೆ.

3. ಚಾವಣಿಯ ಅಂಚು ಮತ್ತು ನೆತ್ತಿಯಲ್ಲಿ ಗಾಳಿಯ ಹೀರುವಿಕೆ ಹೆಚ್ಚು. ಅಲ್ಲಿ ಸ್ಕ್ರೂಗಳು ಹತ್ತಿರ ಹತ್ತಿರ ಇರಬೇಕು, ರಬ್ಬರ್ ವಾಷರ್ ಇರಬೇಕು.

4. ಛಾಪಾ ಕಾಗದದ ಮೇಲೆ ಕರಾರು ಬರೆಸಿ. ಪೈಪಿನ ಅಳತೆ, ದಪ್ಪ, ಒಟ್ಟು ತೂಕ, ಶೀಟಿನ ದಪ್ಪ, ಪಾಯದ ಆಳ ಮತ್ತು ಅಗಲ, ಮುಗಿಸುವ ದಿನಾಂಕ, ಎಷ್ಟು ವರ್ಷದೊಳಗೆ ಏನಾದರೆ ಯಾರು ಸರಿಮಾಡಬೇಕು, ಎಲ್ಲವೂ ಇರಲಿ. ನಕ್ಷೆಯನ್ನು ಜೊತೆಗೆ ಲಗತ್ತಿಸಿ.

5. ದುಡ್ಡನ್ನು ಹಂತಹಂತವಾಗಿ ಕೊಡಿ. ಸ್ವಲ್ಪ ಮುಂಗಡ, ಮಾಲು ಬಂದು ತೂಗಿದ ಮೇಲೆ ಒಂದು ಕಂತು, ಕಂಬ ಮತ್ತು ಟ್ರಸ್ಸು ನಿಂತ ಮೇಲೆ ಒಂದು, ಶೀಟು ಹಾಕಿದ ಮೇಲೆ ಒಂದು. ಹತ್ತರಲ್ಲೊಂದು ಪಾಲು ಒಂದು ಒಳ್ಳೆ ಮಳೆ ಬಿದ್ದ ಮೇಲೆ ಕೊಡುವಂತೆ ಮೊದಲೇ ಮಾತಾಡಿಕೊಳ್ಳಿ.

6. ಪಾಯದ ಗುಂಡಿಗೆ ಕಾಂಕ್ರೀಟ್ ಹಾಕುವ ಮುನ್ನ ಟೇಪು ಹಿಡಿದು ಅಳೆಯಿರಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಮುಚ್ಚಿದ ಮೇಲೆ ಅದನ್ನು ಯಾರೂ ನೋಡಲಾರರು.

7. ಚಾವಣಿ ಹತ್ತುವವರಿಗೆ ಸೇಫ್ಟಿ ಬೆಲ್ಟು, ಹೆಲ್ಮೆಟ್ ಇದೆಯೇ ಎಂದು ನೋಡಿ. ಕೆಲಸದವರ ಪ್ರಾಣಕ್ಕೆ ಬೆಲೆ ಕೊಡದ ಕಂಟ್ರಾಕ್ಟರ್ ನಿಮ್ಮ ನಟ್ಟು ಬೋಲ್ಟಿಗೆ ಬೆಲೆ ಕೊಡುತ್ತಾರೆಯೇ?

ಈಗಾಗಲೇ ಶೆಡ್ ಕಟ್ಟಿಸಿಬಿಟ್ಟಿದ್ದರೆ?

ಗಾಬರಿ ಬೇಡ. ಬೇಸಿಗೆ ಮಳೆ ಶುರುವಾಗುವ ಮುನ್ನ, ಅಂದರೆ ಮಾರ್ಚ್ ಒಳಗೆ ಒಮ್ಮೆ ಪರೀಕ್ಷೆ ಮಾಡಿಸಿ. ಸಡಿಲ ಸ್ಕ್ರೂ, ಬಿರಿದ ವಾಷರ್, ತುಕ್ಕು ಹಿಡಿದ ಬುಡ, ಬಿರುಕು ಬಿಟ್ಟ ವೆಲ್ಡಿಂಗ್ ಹುಡುಕಿಸಿ. ಕತ್ತರಿ ಕಟ್ಟು ಇಲ್ಲದಿದ್ದರೆ ಈಗಲೂ ಹಾಕಿಸಬಹುದು. ಹೊಸ ಚಾವಣಿಯ ಖರ್ಚಿಗೆ ಹೋಲಿಸಿದರೆ ಅದು ಸಣ್ಣ ಖರ್ಚು. ಪಾಯದ ಬಗ್ಗೆ ಅನುಮಾನ ಇದ್ದರೆ ಇಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ. ಶೀಟು ಹಾರದಿರಲಿ ಎಂದು ಮೇಲೆ ಕಲ್ಲು, ಮರಳು ಮೂಟೆ ಹೇರುವುದು ಪರಿಹಾರವಲ್ಲ. ಜೋರು ಗಾಳಿಗೆ ಶೀಟಿನ ಜೊತೆ ಕಲ್ಲೂ ಬರುತ್ತದೆ. ಗಾಳಿ ಜೋರಾದಾಗ ಅಂಥ ಶೆಡ್ಡಿನ ಒಳಗೂ ನಿಲ್ಲಬೇಡಿ, ಪಕ್ಕದಲ್ಲೂ ನಿಲ್ಲಬೇಡಿ.

ನಮ್ಮ ತೀರ್ಮಾನ

"ಇಂಜಿನಿಯರ್ ಬೇಡ, ಪ್ಲಾನ್ ಬೇಡ, ಪರ್ಮಿಷನ್ ಬೇಡ" ಎಂಬ ಮಾತು ದಾರಿ ತಪ್ಪಿಸುವಂಥದ್ದು. ಶೆಡ್ ಅಗ್ಗವಾಗಿ, ಬೇಗ ಆಗಬಹುದು, ಲೆಕ್ಕವಿಲ್ಲದೆ ಆಗಬಾರದು. ಆ ಮೆಸೇಜು ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಕೆಳಗಿನ ನಂಬರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: "ಒಟ್ಟು ಎಷ್ಟು ಕೆಜಿ ಕಬ್ಬಿಣ? ಪಾಯ ಎಷ್ಟಡಿ?" ಉತ್ತರ ಬಂದರೆ ಬರೆದುಕೊಳ್ಳಿ. ಬಾರದಿದ್ದರೆ ಮೆಸೇಜು ಅಳಿಸಿ, ಬೇಕಿದ್ದರೆ ಈ ಎರಡು ಪ್ರಶ್ನೆಗಳನ್ನು ನಿಮ್ಮ ಗುಂಪಿಗೆ ಕಳಿಸಿ.